ಮರಿಸಿದ್ದಯ್ಯನವರ ಕಾರಿನ ಬೆಲ್ಟು ಕಿತ್ತುಹೋದದ್ದು

ಮರಿಸಿದ್ದಯ್ಯ ಮೂಸದೆ ಕಾರಿಗೆ ಪೆಟ್ರೋಲ್ ಹಾಕಿಸುತ್ತಿರಲಿಲ್ಲ, ಮೂಸದೆ ಹೋಟೆಲಿನ ಕಾಫಿ ಕುಡಿಯುತ್ತಿರಲಿಲ್ಲ. ಮದ್ದೂರಿನ ರೈಲು ನಿಲ್ದಾಣದಿಂದ ಮಳವಳ್ಳಿಗೆ ಬಾಡಿಗೆ ಕಾರು ಓಡಿಸುವುದು ಅವರ ಕೆಲಸ. ಕಾರು ಹಳೆಯದು. ಚಕ್ರ ಹಳ್ಳಕ್ಕೆ ಬಿದ್ದಾಗಲೆಲ್ಲ ಹಿಂದಿನ ಎಡಬಾಗಿಲಿನ ಚಿಲಕ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಅದನ್ನೂ ಯಾರೋ ಬೇಕೆಂದೇ ಸಡಿಲ ಮಾಡಿದ್ದಾರೆ ಎಂದು ಅವರು ನಂಬಿದ್ದರು.

ಯುದ್ಧ ಮುಗಿದ ಮೇಲೆ ಮಂಡ್ಯದ ಸಂತೆಗೆ ಮಿಲಿಟರಿಯವರ ಹಳೆಯ ಸಾಮಾನು ಬಂತು. ಅದರಲ್ಲಿ ಅಂಗೈ ಅಗಲದ ದಪ್ಪ ಹತ್ತಿಯ ಬೆಲ್ಟೊಂದನ್ನು ಆರಿಸಿ ತಂದರು. ಅದರ ತುದಿಯನ್ನು ಹಿತ್ತಾಳೆ ಬಕಲಿಗೆ ಮಡಿಸಿ ದಾರದಿಂದ ಹೊಲಿದಿದ್ದರು. ಹಿಂದಿನ ಸೀಟಿನಲ್ಲಿ ಕೂತವರ ಮಡಿಲ ಮೇಲೆ ಅಡ್ಡವಾಗಿ ಬಿಗಿದರೆ, ಬಾಗಿಲು ತೆರೆದುಕೊಂಡರೂ ಯಾರೂ ಬೀಳುವಂತಿರಲಿಲ್ಲ.

"ನಮ್ಮನ್ನೇನ್ ಎತ್ತು ಅಂದ್ಕೊಂಡಿದ್ದೀಯಾ, ಕಟ್ಟಾಕ್ತೀಯಲ್ಲ?" ಎಂದು ಪ್ರಯಾಣಿಕರು ನಗುತ್ತಿದ್ದರು.

"ಎತ್ತಾಗಿದ್ರೆ ಏಳಿದ್ ಮಾತ್ ಕೇಳೋದು. ಕೂತ್ಕೊ."

ಅವರಿಗೆ ಆ ಬಕಲಿನ ಮೇಲೆ ಬಹಳ ಪ್ರೀತಿ. ಬೆಳಿಗ್ಗೆ ಎದ್ದು, ಮನೆಯ ಚೆಂಬು ತಂಬಿಗೆಗಳನ್ನು ಉಜ್ಜುವ ಹಾಗೆಯೇ, ಹುಣಸೆಹಣ್ಣಿಗೆ ಉಪ್ಪು ಸೇರಿಸಿ ಅದನ್ನು ಉಜ್ಜುತ್ತಿದ್ದರು. ಆಮೇಲೆ ಬಕಲನ್ನಷ್ಟೇ ಒರೆಸಿ ಬೆಲ್ಟನ್ನು ಸುತ್ತಿಡುತ್ತಿದ್ದರು. ಬೆಲ್ಟನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ.

"ನಮ್ಮನೇಲಿ ಉಣಸೆಅಣ್ಣು ಸಾರಿಗಿಂತ ನಿನ್ನ ಬೆಲ್ಟಿಗೇ ಜಾಸ್ತಿ ಓಯ್ತದೆ," ಎಂದು ಅವರ ಹೆಂಡತಿ ಚಿಕ್ಕಮಾದಮ್ಮ ಗೊಣಗುತ್ತಿದ್ದರು.

ನಿಲ್ದಾಣದ ಮುಂದೆ ಜಟಕಾ ನಿಲ್ಲಿಸುತ್ತಿದ್ದ ಕರಿಯಯ್ಯ ಒಂದು ದಿನ ಕಾರಿನೊಳಗೆ ಬಗ್ಗಿ ಆ ಬಕಲನ್ನು ಮುಟ್ಟಿ ನೋಡಿದರು. ಮರಿಸಿದ್ದಯ್ಯ ಅದನ್ನು ಕಂಡರು.

"ಏನ್ಲಾ ಅದು?"

"ಕನ್ನಡಿ ಅಂಗೆ ಒಳೀತದಲ್ಲಾ ಅಂತ ನೋಡ್ದೆ ಕಣ್ಲಾ. ನನ್ನ ಮೀಸೇನೂ ಕಾಣ್ತು."

ಕರಿಯಯ್ಯ ನಗುತ್ತಾ ಹೋದರು. ಮರಿಸಿದ್ದಯ್ಯ ನಗಲಿಲ್ಲ. ಕಾರು ಬಂದ ಮೇಲೆ ಜಟಕಾಗೆ ದೂರದ ಗಿರಾಕಿಗಳು ಕಡಿಮೆಯಾಗಿದ್ದರು. ಅಂಥವನಿಗೆ ನನ್ನ ಬೆಲ್ಟಿನ ಮೇಲೆ ಏಕೆ ಕಣ್ಣು ಎಂದು ಅವರು ಆ ದಿನವಿಡೀ ಯೋಚಿಸಿದರಂತೆ.

ಅದಾದ ಸ್ವಲ್ಪ ದಿನಕ್ಕೆ, ಕಾರ್ತಿಕದಲ್ಲಿ, ಚಿಕ್ಕರಸಿನಕೆರೆಯ ಪಟ್ಟಲಮ್ಮ ಎಂಬ ಮುದುಕಿ ಕಾರು ಹತ್ತಿದರು. ನಾಲೆಯ ತಿರುವಿನಲ್ಲಿ ಚಿಲಕ ಬಿಚ್ಚಿ ಬಾಗಿಲು ತೆರೆದುಕೊಂಡಿತು. ಪಟ್ಟಲಮ್ಮ ಬೆಲ್ಟಿನ ಮೇಲೆ ವಾಲಿದ್ದೇ ತಡ, ಬಕಲು ಕಳಚಿ ಬಂತು. ಅವರು ರಸ್ತೆಗೆ ಬಿದ್ದರು. ಜೀವ ಉಳಿಯಿತು, ಮಣಿಕಟ್ಟು ಮುರಿಯಿತು.

ಬಕಲಿನ ಹತ್ತಿರದ ಹೊಲಿಗೆ ಒಂದೇ ಗೆರೆಯಲ್ಲಿ, ಚೂರಿಯಿಂದ ಕುಯ್ದ ಹಾಗೆ ಬಿಟ್ಟುಹೋಗಿತ್ತು. ಮರಿಸಿದ್ದಯ್ಯ ಅದನ್ನು ಹಿಡಿದುಕೊಂಡು ನೇರವಾಗಿ ಜಟಕಾದವರ ಯಜಮಾನ ಲಿಂಗಯ್ಯನವರ ಹತ್ತಿರ ಹೋದರು. ನಿಲ್ದಾಣದ ಮುಂದೆ ಯಾರು ಎಲ್ಲಿ ನಿಲ್ಲಬೇಕು ಎಂಬ ನ್ಯಾಯವೆಲ್ಲ ಅವರದೇ.

"ಮುಟ್ಟಿದ್ದು ನಿಜ, ಕುಯ್ದಿದ್ದು ಸುಳ್ಳು," ಎಂದರು ಕರಿಯಯ್ಯ.

ಲಿಂಗಯ್ಯ ಇಬ್ಬರನ್ನೂ ನೋಡಿದರು. "ಕಣ್ಣಲ್ಲಿ ಕಂಡೋರಿಲ್ಲ. ಯುಗಾದಿ ಬೆಳಗ್ಗೆ ದೇವರ ಮುಂದೆ ಕರ್ಪೂರ ಆರ್ಸಿ ಆಣೆ ಮಾಡು ಮರಿಸಿದ್ದಯ್ಯ. ಮಾಡಿದ್ರೆ ಕರಿಯಯ್ಯ ಜಟಕಾ ಕಟ್ಕೊಂಡು ಇಲ್ಲಿಂದ ಓಗ್ಬೇಕು. ಮಾಡ್ನಿಲ್ಲ ಅಂದ್ರೆ ನಿನ್ನ ಕಾರು ಓಗ್ತದೆ. ಅಲ್ಲೀಗಂಟ ಇಬ್ರೂ ಬಾಯ್ ಮುಚ್ಕೊಂಡಿರಿ."

ಅದು ಅವರಲ್ಲಿ ಹಿಂದಿನಿಂದ ಬಂದ ಕಟ್ಟಳೆ. ಕರಿಯಯ್ಯನಿಗೆ ಆ ಜಾಗ ಬಿಟ್ಟರೆ ಬೇರೆ ಅನ್ನವಿರಲಿಲ್ಲ. ಕುದುರೆಗೂ ವಯಸ್ಸಾಗಿತ್ತು, ಮಳವಳ್ಳಿಯ ತನಕ ಓಡುವ ಶಕ್ತಿ ಅದಕ್ಕಿರಲಿಲ್ಲ. ಮರಿಸಿದ್ದಯ್ಯ ಮಾತ್ರ, ಇವತ್ತೇ ಆಣೆ ಮಾಡುತ್ತೇನೆ ಎಂದರು.

ಬೆಲ್ಟಿನ ಹಾಳಾದ ತುದಿಯನ್ನು ಕತ್ತರಿಸಿ, ಹೊಸ ದಾರದಿಂದ ಬಕಲನ್ನು ಮತ್ತೆ ಹೊಲಿಸಿದರು. ಅಲ್ಲಿಂದಾಚೆ ದಿನವೂ ಬಾಡಿಗೆ ಮುಗಿದ ಮೇಲೆ ಅದನ್ನು ಮನೆಗೆ ತಂದು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟರು. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ದಾರಿಯಲ್ಲಿ ಕಾಫಿಗೂ ಇಳಿಯಲಿಲ್ಲ. ಮುದುಕಿ ಬಿದ್ದದ್ದರಿಂದ ಕಾರಿಗೆ ಬಂದ ಕೆಟ್ಟ ಹೆಸರು ಹೋಗಲಿ ಎಂದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಕಲನ್ನು ಉಜ್ಜಿದರು.

ಮುಂದಿನದನ್ನು ಚಿಕ್ಕಮಾದಮ್ಮ ಹೇಳಿದಂತೆಯೇ ಬರೆಯುತ್ತಿದ್ದೇನೆ.

ಯುಗಾದಿಯ ಬೆಳಿಗ್ಗೆ ಮರಿಸಿದ್ದಯ್ಯ ಎಣ್ಣೆನೀರು ಮುಗಿಸಿ, ಮಡಿ ಪಂಚೆ ಉಟ್ಟು, ಪೆಟ್ಟಿಗೆ ತೆಗೆದರು. ಬೆಲ್ಟನ್ನು ಹೊರಗೆ ಎಳೆದರು. ಬೆಲ್ಟು ಕೈಗೆ ಬಂತು, ಬಕಲು ಪೆಟ್ಟಿಗೆಯಲ್ಲೇ ಉಳಿಯಿತು.

ಅವರು ಎರಡನ್ನೂ ಜೋಡಿಸಿ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ಪೆಟ್ಟಿಗೆ ತೆಗೆದೋರ್ ಯಾರು?"

"ಬೀಗದ ಕೈ ನಿನ್ನ ಸೊಂಟದಲ್ಲೇ ಅದೆ. ಸೊಂಟಾನೇ ಕೇಳು."

"ಕರಿಯಯ್ಯ ಬಂದಿದ್ನಾ?"

"ಉಡಿದಾರಕ್ಕೆ ಬಂದಿದ್ನಾ?"

ಚಿಕ್ಕಮಾದಮ್ಮ ಬೆಲ್ಟಿನ ತುದಿಯನ್ನು ಮೂಸಿ, ನಾಲಿಗೆಗೆ ತಾಗಿಸಿ, ಉಗಿದರು. "ಉಳಿ. ಉಪ್ಪು. ಒಗ್ಗರಣೆ ಒಂದ್ ಕಡಿಮೆ." ತಮ್ಮ ಸೀರೆಯ ಸೆರಗನ್ನು ಅವರ ಮುಂದೆ ಹರಡಿದರು. ಪಾತ್ರೆ ಉಜ್ಜಿ ದಿನವೂ ಕೈ ಒರೆಸುವ ಜಾಗ ಜರಡಿಯಾಗಿತ್ತು. ಬೆರಳಿಟ್ಟರೆ ಸದ್ದಿಲ್ಲದೆ ಹರಿಯಿತು. "ಇತ್ತಾಳೆಗೆ ಉಳಿ ಆಕಿ ತೊಳೀದೆ ಬುಟ್ರೆ ಬಟ್ಟೆ ತಡೀತದಾ? ಕಾಫಿ ಮೂಸ್ತೀಯ, ಪೆಟ್ರೋಲ್ ಮೂಸ್ತೀಯ. ಇದ್ನ ಒಂದಿನಾರ ಮೂಸಿದ್ಯಾ?"

ಮರಿಸಿದ್ದಯ್ಯ ಮೂಸಿದರು. ಆಮೇಲೆ ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು, ಬಕಲನ್ನು ಕೈಯಲ್ಲಿ ಹಿಡಿದು ದೇವಸ್ಥಾನಕ್ಕೆ ಹೋದರು.

ಅಲ್ಲಿ ಜಟಕಾದವರೆಲ್ಲ ಸೇರಿದ್ದರು. ಕರಿಯಯ್ಯ ಕಂಬಕ್ಕೆ ಒರಗಿ ನಿಂತಿದ್ದರು. ಲಿಂಗಯ್ಯ ಕರ್ಪೂರ ಹಚ್ಚಿದರು. ಮರಿಸಿದ್ದಯ್ಯ ಕೈ ಮುಂದೆ ಮಾಡಲಿಲ್ಲ.

"ಆಣೆ ಮಾಡಾಕಿಲ್ಲ. ಕರಿಯಯ್ಯ ಕುಯ್ದಿಲ್ಲ. ನಾನೇ ಉಜ್ಜಿ ಉಜ್ಜಿ ಕುಯ್ದಿವ್ನಿ. ಮುದುಕಿ ಬಿದ್ದಿದ್ದೂ ನನ್ನಿಂದ್ಲೇ."

ಕರ್ಪೂರ ಉರಿದು ಮುಗಿಯಿತು.

"ಅಂಗಾದ್ರೆ ಕಟ್ಟಳೆ ಗೊತ್ತಲ್ಲ," ಎಂದರು ಲಿಂಗಯ್ಯ.

"ಗೊತ್ತು."

ಅಂದಿನಿಂದ ಮರಿಸಿದ್ದಯ್ಯನವರ ಕಾರು ನಿಲ್ದಾಣದ ಮುಂದೆ ನಿಲ್ಲುವುದಿಲ್ಲ. ಆಚೆ, ಹೊಂಗೆಮರದ ಕೆಳಗೆ ನಿಲ್ಲುತ್ತದೆ. ರೈಲಿನಿಂದ ಇಳಿದವರು ಅಷ್ಟು ದೂರ ನಡೆದು ಬಂದರೆ ಗಿರಾಕಿ, ಇಲ್ಲದಿದ್ದರೆ ಇಲ್ಲ. ಚಿಕ್ಕರಸಿನಕೆರೆಯ ಕಡೆ ಹೋದಾಗ ಪಟ್ಟಲಮ್ಮನ ಮನೆ ಮುಂದೆ ನಿಲ್ಲಿಸಿ, ಎಲ್ಲಿಗಾದರೂ ಬರುತ್ತೀರಾ ಎಂದು ಕೇಳುತ್ತಾರೆ. ಆಕೆ ಇನ್ನೂ ಹತ್ತಿಲ್ಲ.

ಬೆಲ್ಟಿಗೆ ಹೊಸ ಹೊಲಿಗೆ ಬಿದ್ದಿದೆ. ಈಗ ಅವರು ಅಂಟುವಾಳದ ಕಾಯಿಯ ತೆಳು ನೊರೆಯಲ್ಲಿ ಬಟ್ಟೆಯನ್ನು ಅದ್ದಿ ಬೆಲ್ಟನ್ನು ಮೆಲ್ಲಗೆ ಒರೆಸುತ್ತಾರೆ. ಬರೀ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಮರದ ನೆರಳಿನಲ್ಲಿ ಉದ್ದಕ್ಕೆ ನೇತುಹಾಕುತ್ತಾರೆ. ಪೂರ್ತಿ ಒಣಗದೆ ಸುತ್ತಿಡುವುದಿಲ್ಲ. ಬಕಲು ಕಪ್ಪಗಾಗಿದೆ. ಅವರ ಅನುಮಾನ ಹೋಗಿಲ್ಲ, ಈಗ ಅದೆಲ್ಲ ಹೊಲಿಗೆಯ ಮೇಲೆ. ಕಾರು ಹೊರಡುವ ಮುಂಚೆ ಸೀಟಿಗೆ ಕಾಲು ಕೊಟ್ಟು ಜಗ್ಗಿ ನೋಡುತ್ತಾರೆ.

ಮೊನ್ನೆ ಕರಿಯಯ್ಯ ಕುದುರೆಗೆ ನೀರು ಕುಡಿಸಲು ಆ ಕಡೆ ಬಂದವರು ಕಾರಿನ ಹತ್ತಿರ ನಿಂತರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

"ಮೀಸೆ ಕಾಣಾಕಿಲ್ವಲ್ಲಾ ಈಗ," ಎಂದರು.

ಮರಿಸಿದ್ದಯ್ಯ ಬೆಲ್ಟಿನ ತುದಿಯನ್ನು ಅವರ ಕಡೆ ಚಾಚಿದರು.

"ಇಡ್ಕೊಂಡು ಎಳಿ. ಜೋರಾಗ್ ಎಳಿ."