ಹೀಲರ್ ಇಲ್ಲದ ಶುಕ್ರವಾರಗಳು

ಮೊದಲು ಕೈಕೊಟ್ಟದ್ದು ಎಡಗೈಯ ಕಿರುಬೆರಳು.

ಅದೊಂದು ಶುಕ್ರವಾರದ ಸಂಜೆ. ಕೊಡಿಯಾಲ್‌ಬೈಲಿನ ಆಡಿಟರ್ ಆಫೀಸಿನಿಂದ ಬಂದು, ಚಾ ಕುಡಿದು, ಕಂಪ್ಯೂಟರ್ ಮುಂದೆ ಕೂತಿದ್ದೆ. ವಾರಕ್ಕೊಮ್ಮೆ ನಾವು ಎಂಟು ಜನ ಆನ್‌ಲೈನ್‌ನಲ್ಲಿ ಸೇರಿ ಒಂದು ಆಟ ಆಡುತ್ತೇವೆ. ಮಂತ್ರ, ಕತ್ತಿ, ರಾಕ್ಷಸರ ಲೋಕ ಅದು. ಎಲ್ಲರೂ ಒಟ್ಟಾಗಿ ಒಬ್ಬ ದೊಡ್ಡ ರಾಕ್ಷಸನ ಮೇಲೆ ಏರಿ ಹೋಗುವುದಕ್ಕೆ ರೇಡ್ ಎನ್ನುತ್ತಾರೆ. ಅದರಲ್ಲಿ ನಾನು ಹೀಲರ್. ಹೊಡೆಯುವುದು ನನ್ನ ಕೆಲಸವಲ್ಲ, ಹೊಡೆತ ತಿಂದವರನ್ನು ಸಾಯದಂತೆ ನೋಡಿಕೊಳ್ಳುವುದು. ಯಾರ ಜೀವ ಎಷ್ಟು ಉಳಿದಿದೆ ಎಂದು ಹೀಲರ್ ಕಣ್ಣು ಮಿಟುಕಿಸದೆ ನೋಡುತ್ತಿರಬೇಕು. ಹಾಗಾಗಿ ಯಾರು ಮುಂದೆ ಹೋಗಬೇಕು, ಯಾರು ಹಿಂದೆ ಸರಿಯಬೇಕು ಎಂದು ಕೂಗಿ ಹೇಳುವ ಕೆಲಸವೂ ಮೆಲ್ಲಗೆ ನನ್ನ ಪಾಲಿಗೇ ಬಂದಿತ್ತು. ಆಫೀಸಿನಲ್ಲಿ ಬಾಯಿ ಬಿಡದ ನಾನು ಅಲ್ಲಿ ಏಳು ಜನರನ್ನು ನಡೆಸುತ್ತಿದ್ದೆ.

ಎಲ್ಲರಿಗಿಂತ ಮುಂದೆ ನಿಂತು ಹೊಡೆತ ತಿನ್ನುವವನು ನವಾಜ್. ಕೊಲ್ಲಿ ದೇಶದಲ್ಲಿ, ದಮ್ಮಾಮಿನ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೆಲಸ. ಮನೆ ಮಾತ್ರ ಇಲ್ಲೇ, ನಮ್ಮ ಬಂದರಿನಲ್ಲಿ. ಅವನಿಗೆ ರಜೆ ಶುಕ್ರವಾರವಾದ್ದರಿಂದ ನಮ್ಮ ರೇಡೂ ಶುಕ್ರವಾರ. ನಾವಿಬ್ಬರು ಮುಖಾಮುಖಿ ಒಮ್ಮೆಯೂ ಭೇಟಿಯಾದವರಲ್ಲ.

"ಶ್ವೇತಾ, ಹೀಲ್! ಎಂತ ಮಾಡ್ತಾ ಇದ್ದೀ?" ಹೆಡ್‌ಫೋನಿನಲ್ಲಿ ನವಾಜ್ ಕೂಗಿದ.

ನಾನು ಕೀ ಒತ್ತಿದ್ದೇನೆ ಎಂದುಕೊಂಡಿದ್ದೆ. ಬೆರಳು ಕೀಯ ಮೇಲೆ ಇತ್ತು. ಒತ್ತುತ್ತಿರಲಿಲ್ಲ.

ನವಾಜ್ ಸತ್ತ. ಅವನ ಹಿಂದೆ ಉಳಿದವರೂ.

"ಕೀಬೋರ್ಡ್ ಹಾಳಾಗಿದೆ" ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂಗಾಲುಗಳು ಎರಡು ದಿನಗಳಿಂದ ಜುಮುಜುಮು ಎನ್ನುತ್ತಿದ್ದುದನ್ನು ಯಾರಿಗೂ ಹೇಳಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದೆಂದು ತಲೆಗೆ ಹೊಳೆಯಲೂ ಇಲ್ಲ.

ಮರುದಿನ ಚಪ್ಪಲಿ ಕಾಲಿನಿಂದ ತಾನಾಗಿಯೇ ಜಾರಿತು. ಸಂಜೆಗೆ ಕುಕ್ಕರಿನ ಮುಚ್ಚಳ ತಿರುಗಿಸಲು ಆಗಲಿಲ್ಲ. ಹತ್ತಿರದ ಕ್ಲಿನಿಕ್ಕಿನ ಡಾಕ್ಟರು "ಇಡೀ ದಿನ ಕಂಪ್ಯೂಟರಾ? ಅದನ್ನು ಕಮ್ಮಿ ಮಾಡಿ" ಎಂದು ವಿಟಮಿನ್ ಬರೆದುಕೊಟ್ಟರು. ಜೊತೆಗೆ ಬಂದಿದ್ದ ಅಣ್ಣನಿಗೆ ಅಷ್ಟು ಸಾಕಾಯಿತು. ಹರೀಶಣ್ಣ ಬೋಟಿಗೆ ಹೋಗುವವನು. ಮಳೆಗಾಲದಲ್ಲಿ ಮೀನುಗಾರಿಕೆ ನಿಲ್ಲುವ ತಿಂಗಳುಗಳಾದ್ದರಿಂದ ಮನೆಯಲ್ಲೇ ಇದ್ದ.

"ನಾನು ಹೇಳಿದ್ರೆ ಕೇಳುದಿಲ್ಲ. ಈಗ ಡಾಕ್ಟ್ರೇ ಹೇಳಿದ್ರಲ್ಲ? ಆ ಆಟವೇ ನಿನ್ನನ್ನು ತಿಂದದ್ದು."

ಮನೆಗೆ ಬಂದವನೇ ಕಂಪ್ಯೂಟರಿನ ವಯರು ಕಿತ್ತು ಕಪಾಟಿನ ಮೇಲೆ ಎಸೆದ. ಎಟುಕಿಸಿಕೊಳ್ಳೋಣವೆಂದರೆ ನನ್ನ ಕೈ ಭುಜದಿಂದ ಮೇಲೆ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದೆ. ಏಳಲು ಹೋದೆ. ಕಾಲುಗಳು ಇರಲಿಲ್ಲ. ಅಂದರೆ ಇದ್ದವು, ಎದುರಿಗೇ ಕಾಣುತ್ತಿದ್ದವು, ಆದರೆ ಯಾರದ್ದೋ ಕಾಲುಗಳ ಹಾಗೆ ಸುಮ್ಮನೆ ಬಿದ್ದಿದ್ದವು.

ಆಸ್ಪತ್ರೆಯ ನ್ಯೂರಾಲಜಿಸ್ಟ್ ಒಬ್ಬ ಹೆಂಗಸು. ಮೊಣಕಾಲಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಕಾಲು ಕದಲಲಿಲ್ಲ. "ಇತ್ತೀಚೆಗೆ ಲೂಸ್ ಮೋಷನ್ ಏನಾದ್ರೂ ಆಗಿತ್ತಾ?" ಎಂದು ಕೇಳಿದರು. ಕೆಲವು ದಿನಗಳ ಹಿಂದೆ ಆಗಿತ್ತು. ಬೆನ್ನುಮೂಳೆಯಿಂದ ನೀರು ತೆಗೆದರು. ನರಗಳಿಗೆ ಕರೆಂಟ್ ಕೊಟ್ಟು ನೋಡಿದರು. ಆಮೇಲೆ ಹೆಸರು ಹೇಳಿದರು.

ಜಿಬಿಎಸ್. ಗಿಯಾನ್ ಬಾರೆ ಸಿಂಡ್ರೋಮ್.

"ದೇಹವನ್ನು ಕಾಯಬೇಕಾದ ಶಕ್ತಿಯೇ ನರಗಳನ್ನು ಶತ್ರು ಅಂತ ತಿಳ್ಕೊಂಡು ಹೊಡೀತಾ ಇದೆ. ಕಾಲಿಂದ ಮೇಲಕ್ಕೆ ಬರ್ತದೆ. ಎಲ್ಲಿ ನಿಲ್ತದೆ ಅಂತ ಈಗ ಹೇಳ್ಲಿಕ್ಕೆ ಆಗುದಿಲ್ಲ. ಹೆಚ್ಚಿನವರು ಗುಣ ಆಗ್ತಾರೆ. ಆದ್ರೆ ಟೈಮ್ ಬೇಕು."

ಅಣ್ಣ ಒಂದೇ ಪ್ರಶ್ನೆ ಕೇಳಿದ. "ಇದು ಕಂಪ್ಯೂಟರಿನಿಂದ ಬಂದದ್ದಾ ಮೇಡಂ?"

"ಅಲ್ಲ. ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ."

ಅಣ್ಣ ನೆಲ ನೋಡಿದ.

ಐವಿಐಜಿ ಎಂಬ ಮದ್ದಿನ ಬಾಟಲಿಗಳು ಒಂದರ ಹಿಂದೆ ಒಂದು ಮೈಗೆ ಇಳಿದವು. ಕಾಯಿಲೆ ನಿಲ್ಲಲಿಲ್ಲ. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತೇನೆಂದು ನರ್ಸ್ ಆಗಾಗ ಬಂದು ಕೇಳುತ್ತಿದ್ದರು. ಪ್ರತಿ ಸಲವೂ ಹಿಂದಿನದ್ದಕ್ಕಿಂತ ಮೊದಲೇ ಉಸಿರು ಮುಗಿಯುತ್ತಿತ್ತು. ನೀರು ನುಂಗಿದರೆ ಮೂಗಿಗೆ ಬಂತು. ವೆಂಟಿಲೇಟರ್ ಹಾಕಬೇಕು ಎಂದರು. ಅಣ್ಣ ನನ್ನ ಮೇಲೆ ಬಗ್ಗಿದ. ಹೇಳಲು ಬೇಕಾದಷ್ಟಿತ್ತು. ಉಳಿದ ಉಸಿರಿಗೆ ಸಿಕ್ಕಿದ್ದು ಎರಡೇ ಮಾತು.

"ನವಾಜಿಗೆ ಹೇಳು."

ಏನು ಹೇಳಬೇಕೆಂದು ಅವನು ಕೇಳಲಿಲ್ಲ. ಗಂಟಲಿಗೆ ಟ್ಯೂಬ್ ಇಳಿಯಿತು.

ಆಮೇಲಿನದ್ದನ್ನು ಬರೆಯುವುದು ಕಷ್ಟ. ಜಿಬಿಎಸ್‌ನಲ್ಲಿ ತಲೆ ಸರಿಯಾಗಿಯೇ ಇರುತ್ತದೆ. ಎಲ್ಲವೂ ಕೇಳುತ್ತದೆ, ಎಲ್ಲವೂ ತಿಳಿಯುತ್ತದೆ, ಹೊದಿಕೆಯ ಮಡಿಕೆ ಕೂಡ ಕೆಂಡದ ಹಾಗೆ ಸುಡುತ್ತದೆ, ಆದರೆ ಅದನ್ನು ಸರಿಸಿ ಎಂದು ಹೇಳಲು ದೇಹದಲ್ಲಿ ಏನೂ ಉಳಿದಿರುವುದಿಲ್ಲ. ಕೆನ್ನೆ ಸತ್ತಿತ್ತು. ರೆಪ್ಪೆಗಳು ಪೂರ್ತಿ ಮುಚ್ಚುತ್ತಿರಲಿಲ್ಲ. ಕೆಲವು ದಿನಗಳ ನಂತರ ಕುತ್ತಿಗೆಗೆ ರಂಧ್ರ ಮಾಡಿ ಟ್ರೆಕಿಯಾಸ್ಟಮಿ ಮಾಡಿದರು. ಕಫ ಎಳೆಯುವ ಸಕ್ಷನ್ ಪೈಪ್ ಒಳಗೆ ಹೋದಾಗಲೆಲ್ಲ ಮುಳುಗುತ್ತಿದ್ದೆ. ಮಾನಿಟರ್ ನನ್ನ ತಲೆಯ ಹಿಂದೆ ಇತ್ತು. ಅದರ ಅಂಕಿಗಳು ನನಗೆ ಕಾಣುತ್ತಿರಲಿಲ್ಲ. ಬಂದವರೆಲ್ಲ ನನ್ನ ಮುಖ ಬಿಟ್ಟು ಅದನ್ನೇ ನೋಡುತ್ತಿದ್ದರು.

ಒಂದು ದಿನ ಅಮ್ಮ ಒಳಗೆ ಬಂದು ಕಿವಿಯ ಹತ್ತಿರ ಹೇಳಿದಳು. ಅಮ್ಮ ಬಂದರಿನಲ್ಲಿ ಮೀನು ಮಾರುವವಳು, ಮೆಲ್ಲಗೆ ಮಾತಾಡಲು ಬರುವುದಿಲ್ಲ. ಅಂದು ಮೆಲ್ಲಗೆ ಮಾತಾಡಿದಳು.

"ಮಗಾ, ಹೊರಗೆ ಒಬ್ಬರು ಬ್ಯಾರಿ ಹೆಂಗಸು ಬಂದು ಕೂತಿದ್ರು. ನೋಡಿದ್ರೆ ನಫೀಸಮ್ಮ! ನನ್ನ ಹತ್ರವೇ ಎಷ್ಟು ವರ್ಷದಿಂದ ಮೀನು ತೆಗೊಳ್ಳುವವರು. 'ನಿಮ್ಮ ಮಗಳಾ ಅಕ್ಕಾ ಆ ಶ್ವೇತಾ?' ಅಂತ ಕೇಳಿದ್ರು. ಅವರ ಮಗ ನವಾಜಿಗೆ ನಿನ್ನ ಗುರ್ತ ಉಂಟಂತೆ. ಹರೀಶ ನಿನ್ನ ಫೋನಿನಿಂದ ಆ ಹುಡುಗನಿಗೆ ಬೈದನಂತೆ, 'ಆಟ ಆಡಿ ಆಡಿ ನನ್ನ ತಂಗಿಯನ್ನು ಕೊಂದ್ರಿ' ಅಂತ. ಅವನು ಅಲ್ಲಿ ಕೂತು ಅಳ್ತಾ ಇದ್ದಾನಂತೆ. ಅದಕ್ಕೆ ತಾಯಿ ಬಂದದ್ದು."

ಡಾಕ್ಟರು ಸಂಬಂಧವಿಲ್ಲ ಎಂದ ಮೇಲೂ ಅಣ್ಣ ಬೈದಿದ್ದ. ಕಾಣದ ಕಾಯಿಲೆಗೆ ಬೈಯಲು ಆಗುವುದಿಲ್ಲವಲ್ಲ. ಮರುದಿನದಿಂದ ನಫೀಸಮ್ಮನ ಮನೆಯ ಅಕ್ಕಿರೊಟ್ಟಿ ಆಸ್ಪತ್ರೆಯ ಬೆಂಚಿಗೆ ಬರತೊಡಗಿತು. ಅಣ್ಣ ಮೊದಲು ಮುಟ್ಟಲಿಲ್ಲ. ಆಮೇಲೆ ತಿಂದ. ತಿಂದ ಮೇಲೆ ನವಾಜಿಗೆ ತಾನಾಗಿಯೇ ಫೋನ್ ಮಾಡಿದ.

ಮುಂದಿನ ಶುಕ್ರವಾರ ಅಣ್ಣ ನರ್ಸಿನ ಅನುಮತಿ ಕೇಳಿ ಫೋನನ್ನು ನನ್ನ ಕಿವಿಗೆ ಹಿಡಿದ. "ನಿನ್ನ ಜನ" ಎಂದ. ಏಳೂ ಜನ ಇದ್ದರು. ಒಬ್ಬೊಬ್ಬರೇ ಹೆಸರು ಹೇಳಿದರು. ಆಮೇಲೆ ಏನು ಮಾತಾಡುವುದೆಂದು ತಿಳಿಯದೆ ಆಡತೊಡಗಿದರು. ಹೀಲರ್ ಜಾಗಕ್ಕೆ ಅನುಷಾ ಎಂಬ ಹೊಸಬಳು ಬಂದಿದ್ದಳು, ಉಡುಪಿಯ ಹುಡುಗಿ. ರಾಕ್ಷಸ ಸತ್ತ. ಯಾರೋ ಸಂತೋಷದಿಂದ ಕೂಗಿದರು, ಕೂಡಲೇ ನಾಲಿಗೆ ಕಚ್ಚಿಕೊಂಡರು.

ನನಗೆ ಬಂದದ್ದು ಹೊಟ್ಟೆಕಿಚ್ಚು. ನಾನಿಲ್ಲದೆಯೂ ಗೆದ್ದರು.

ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಯಿತು. ಅಣ್ಣ ಹೆದರಿ ಫೋನ್ ತೆಗೆದ. "ಬೇಡ, ಬೇಡ, ಇನ್ನು ಹಾಕುದಿಲ್ಲ" ಎಂದ. ಅಳು ಬಂದರೂ ಅದು ಬೇಕು, ಕಿಚ್ಚು ಬಂದರೂ ಬೇಕು, ಇಡೀ ವಾರದಲ್ಲಿ ನಾನು ಕಾಯುವುದಕ್ಕೆ ಬೇರೆ ಏನೂ ಇಲ್ಲ ಎಂದು ಅವನಿಗೆ ಹೇಗೆ ಹೇಳುವುದು? ಅವನು ಮತ್ತೆ ಫೋನ್ ತರಲಿಲ್ಲ.

ಬೋಟುಗಳು ಸಮುದ್ರಕ್ಕೆ ಇಳಿದವು. ಅಣ್ಣ ಹೋಗಲಿಲ್ಲ. ನಾನು ಹಾಗೆಯೇ ಇದ್ದೆ. ವೆಂಟಿಲೇಟರ್ ತೆಗೆಯಲು ನೋಡಿದರು, ಸ್ವಲ್ಪ ಹೊತ್ತಿನಲ್ಲೇ ಬೆವರಿ ಒದ್ದೆಯಾದೆ, ಮತ್ತೆ ಹಾಕಿದರು. ಎರಡನೆಯ ಸಲವೂ ಹಾಗೆಯೇ. ಅಂದು ಬಾಗಿಲ ಬಳಿ ಯಾರೋ "ಇದು ಲಾಂಗ್ ಕೇಸ್" ಎಂದದ್ದು ಕೇಳಿಸಿತು.

ನರ್ಸ್ ಒಬ್ಬರು ರಟ್ಟಿನ ಮೇಲೆ ವರ್ಣಮಾಲೆ ಬರೆದು ಅಮ್ಮನಿಗೆ ಕೊಟ್ಟರು. ಅಮ್ಮ ಅಕ್ಷರದ ಮೇಲೆ ಬೆರಳಿಡಬೇಕು, ಬೇಕಾದ ಅಕ್ಷರ ಬಂದಾಗ ನಾನು ಕಣ್ಣುಗುಡ್ಡೆ ಮೇಲೆತ್ತಬೇಕು. ಅಮ್ಮ ಓದಿದ್ದು ಮೂರನೇ ಕ್ಲಾಸು. ಮಗುವಿನ ಹಾಗೆ ರಾಗವಾಗಿ ಹೇಳುತ್ತಾ ಬಂದಳು. 'ಸ'ದಲ್ಲಿ ಕಣ್ಣೆತ್ತಿದೆ. ದೀರ್ಘವಾ ಎಂದಳು. ಹೌದು. ಮತ್ತೆ ಮೊದಲಿಂದ. 'ಕ'ದಲ್ಲಿ ಎತ್ತಿದೆ.

"ಸಾಕು! ಸಾಕು ಅಂತ ಹೇಳಿದ್ದು!" ಅಮ್ಮನಿಗೆ ಎಷ್ಟು ಖುಷಿ. "ಎಂತ ಸಾಕು ಮಗಾ? ಫ್ಯಾನಾ?"

ಅಲ್ಲ.

"ಚಾದರ ತೆಗಿಬೇಕಾ? ಲೈಟು? ನಾನು ಮಾತಾಡಿದ್ದು ಜಾಸ್ತಿ ಆಯ್ತಾ?"

ಅಲ್ಲ. ಅಲ್ಲ. ನಾನು ಕಣ್ಣನ್ನು ವೆಂಟಿಲೇಟರಿನ ಕಡೆ ತಿರುಗಿಸಿದೆ. ಅಲ್ಲೇ ಇಟ್ಟೆ.

ಅಮ್ಮ ಆ ಯಂತ್ರವನ್ನು ನೋಡಿದಳು. ನನ್ನನ್ನು ನೋಡಿದಳು. ರಟ್ಟು ಮಡಿಲಲ್ಲಿ ಮಗುಚಿಟ್ಟಳು.

"ನಿನಗೆ ಸಾಕಾಗಿರಬಹುದು" ಎಂದಳು. "ನನಗೆ ಸಾಕಾಗ್ಲಿಲ್ಲ."

ಎದ್ದು ಹೋದಳು. ಈ ಬರಹದಲ್ಲಿ ನಾನು ಹೇಳಲೇಬೇಕಾದ ಮಾತು ಇದು: ಅಂದು ನಾನು ನಿಜವಾಗಿಯೂ ಸಾಯಲು ಬಯಸಿದ್ದೆ. ಅಮ್ಮನ ಮಾತು ಕೇಳಿ ಆ ಆಸೆ ಹೋಗಲಿಲ್ಲ. ಅವಳ ಮೇಲೆ ಸಿಟ್ಟು ಬಂತು.

ಮರುದಿನ ಅಮ್ಮ ಅಣ್ಣನನ್ನೂ ಕರೆದುಕೊಂಡು ಬಂದಳು. ನಾನು ಹೇಳಿದ್ದನ್ನು ಅವನಿಗೆ ತಿಳಿಸಿದ್ದಳೋ ಇಲ್ಲವೋ, ಈಗಲೂ ಕೇಳಿಲ್ಲ. ಅಣ್ಣನ ಕೈಯಲ್ಲಿ ಫೋನಿತ್ತು. "ನವಾಜ್ ಕಳಿಸಿದ್ದು. ಹಳೇ ರೇಡಿನ ರೆಕಾರ್ಡಿಂಗ್ ಅಂತೆ" ಎಂದು ನಮ್ಮ ಮೂವರ ನಡುವೆ ಹಿಡಿದ.

ಕತ್ತಿಗಳ ಸದ್ದು. ಯಾರದ್ದೋ ಬೊಬ್ಬೆ. ಆಮೇಲೆ ಎಲ್ಲರ ಮೇಲೆ ಒಂದು ಹೆಣ್ಣು ದನಿ.

"ನವಾಜ್, ಓಡ್ಬೇಡ! ಅಲ್ಲೇ ನಿಲ್ಲು ಮಾರಾಯ. ನಾನು ನೋಡ್ತೇನೆ. ಉಳಿದವರು ಎಡಕ್ಕೆ. ಎಡಕ್ಕೆ ಅಂದೆ! ಯಾರೂ ಸಾಯುದಿಲ್ಲ, ಹೆದರ್ಬೇಡಿ."

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನ ದನಿ ಕೇಳದೆ ಅವಳಿಗೆ ಎಷ್ಟು ಕಾಲವಾಗಿತ್ತೆಂದು ನಾನು ಯೋಚಿಸಿಯೇ ಇರಲಿಲ್ಲ.

"ಇದು ನಮ್ಮ ಶ್ವೇತನಾ?" ಎಂದಳು. "ಮನೆಯಲ್ಲಿ ಒಂದು ದಿನ ಇಷ್ಟು ಜೋರು ಮಾತಾಡಿದ್ದಿಲ್ಲ. ಗಂಡಸರಿಗೆ ಹೇಗೆ ಜೋರು ಮಾಡ್ತಾಳೆ ನೋಡು! ಹರೀಶಾ, ಇನ್ನೊಮ್ಮೆ ಹಾಕು."

ಅಣ್ಣ ಹಾಕಿದ. ಮತ್ತೊಮ್ಮೆ ಹಾಕಿದ. ಮೂರನೆಯ ಸಲಕ್ಕೆ ಅವನೇ ಅತ್ತ. "ಬೋಟಿನಲ್ಲಿ ನಮ್ಮ ತಾಂಡೇಲನೂ ಹೀಗೆಯೇ ಕೂಗುದು" ಎಂದ. ತಾಂಡೇಲ ಎಂದರೆ ಬೋಟು ನಡೆಸುವವನು. ಅಣ್ಣ ನನ್ನ ಆಟದ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು. ಅಂದಿನಿಂದ ಶುಕ್ರವಾರಗಳಂದು ಫೋನ್ ಮತ್ತೆ ಬಂತು. ನಾನು ಅಳುತ್ತಿದ್ದೆ. ಅವನು ಕಣ್ಣೊರೆಸುತ್ತಿದ್ದ, ಫೋನ್ ಮಾತ್ರ ತೆಗೆಯುತ್ತಿರಲಿಲ್ಲ.

ಅದರಿಂದ ಗುಣವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನರಗಳು ಅವುಗಳ ಪಾಡಿಗೆ, ಅವುಗಳ ಸಮಯಕ್ಕೆ ಚಿಗುರುತ್ತವೆ ಎಂದು ಡಾಕ್ಟರು ಹೇಳಿದ್ದರು, ಹಾಗೆಯೇ ಆಯಿತು. ಮೊದಲು ಬಲಭುಜ ಕದಲಿತು. ಕುತ್ತಿಗೆ ತಿರುಗಿತು. ಮೂರನೆಯ ಪ್ರಯತ್ನದಲ್ಲಿ ವೆಂಟಿಲೇಟರ್ ಬಿಟ್ಟಿತು. ಗಂಟಲಿನ ರಂಧ್ರಕ್ಕೆ ಬೆರಳು ಮುಚ್ಚಿ ಆಡಿದ ಮೊದಲ ಮಾತು ಯಾರಿಗೂ ಅರ್ಥವಾಗಲಿಲ್ಲ. ನಾನು ಚಾ ಕೇಳಿದ್ದೆ.

ಈಗ ಮನೆಯಲ್ಲಿದ್ದೇನೆ. ಪಾದ ಇನ್ನೂ ಜೋತುಬೀಳುತ್ತದೆ, ಅದನ್ನು ಎತ್ತಿ ಹಿಡಿಯುವ ಸ್ಪ್ಲಿಂಟ್ ಉಂಟು. ಅಣ್ಣ ಬೋಟಿಗೆ ಹೋಗದ ದಿನಗಳಲ್ಲಿ ಕದ್ರಿಯ ಪಾರ್ಕಿಗೆ ಕರೆದೊಯ್ದು ವಾಕರ್ ಹಿಡಿಸಿ ನಡೆಸುತ್ತಾನೆ. ಆಫೀಸಿನವರು ಕಾಯುತ್ತೇವೆ ಎಂದಿದ್ದಾರೆ. ಎಷ್ಟು ಕಾಲ ಕಾಯುತ್ತಾರೋ. ಹೋದ ತಿಂಗಳು ರೇಡಿಗೆ ಕೂತೆ. ಬೆರಳುಗಳಿಗೆ ಆ ವೇಗವಿಲ್ಲ. ಅನುಷಾಳೇ ಹೀಲರ್. ಯಾರು ಎತ್ತ ಹೋಗಬೇಕೆಂದು ನಾನು ಮೈಕಿನಲ್ಲಿ ಹೇಳಿದೆ, ಸ್ವಲ್ಪ ಹೊತ್ತಿಗೇ ದಣಿದೆ, ನಾವು ಸೋತೆವು.

"ಮುಂದಿನ ವಾರ ಬರ್ತೀಯಲ್ಲ?" ಎಂದ ನವಾಜ್.

"ಆದ್ರೆ ಬರ್ತೇನೆ" ಎಂದೆ. ನಾಳೆಯ ಬಗ್ಗೆ ಇದಕ್ಕಿಂತ ದೊಡ್ಡ ಮಾತು ಆಡಲು ಈಗ ಧೈರ್ಯ ಬರುವುದಿಲ್ಲ.

ಮೊನ್ನೆ ಮಧ್ಯಾಹ್ನ ಅಮ್ಮ ಊಟಕ್ಕೆ ಬಡಿಸಿದಳು. ಮನೆಗೆ ಬಂದಾಗಿನಿಂದ ಮೀನಿನ ಮುಳ್ಳು ಬಿಡಿಸಿ ಬಾಯಿಗೆ ಇಡುತ್ತಿದ್ದವಳು ಅಂದು ಇಡೀ ಬಂಗುಡೆಯನ್ನು ನನ್ನ ತಟ್ಟೆಗೆ ಹಾಕಿ, ಪಕ್ಕದಲ್ಲಿ ಕೂತು ತನ್ನ ಪಾಡಿಗೆ ಉಣ್ಣತೊಡಗಿದಳು. ಹೆಬ್ಬೆರಳು, ತೋರುಬೆರಳು ಸೇರುತ್ತಿರಲಿಲ್ಲ. ಮೀನು ಜಾರಿ ಅನ್ನದ ಮೇಲೆ ಬಿತ್ತು. ಮತ್ತೆ ಹಿಡಿದೆ. ಒಂದು ಮುಳ್ಳು ಬೆರಳ ತುದಿಗೆ ಚುಚ್ಚಿತು.

ನೋವಾಯಿತು. ಎಷ್ಟೋ ಕಾಲದಿಂದ ಆ ತುದಿಗೆ ಏನೂ ತಿಳಿಯುತ್ತಿರಲಿಲ್ಲ.

ಅಮ್ಮ ಉಂಡು ಮುಗಿಸಿದ್ದಳು. ಕೈ ತೊಳೆಯಲು ಏಳದೆ ಕೂತೇ ಇದ್ದಳು. ಅನ್ನ ತಣ್ಣಗಾಗಿತ್ತು. ಮೀನನ್ನೆಲ್ಲ ಬಿಡಿಸಿ, ಅರ್ಧ ಚೆಲ್ಲಿ, ಅರ್ಧ ತಿಂದೆ.