ಎಂಟು ಹಾಳೆ ನೀಲಿ

ನೇರಿಮಾದ ಓಯಿಜುಮಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಓಚಿಯಾಯಿ ಎಂಬಾಕೆಯ ಕಾಫಿ ಅಂಗಡಿ ಇದೆ. ಶನಿವಾರ ಬೆಳಿಗ್ಗೆ ಅಲ್ಲಿ ನುಕುಯಿ ತೊಶಿಯೆಯವರ ಎದುರು ಕೂತು ಟೀವಿಯ ಕಾರ್ಟೂನ್ ಕಥೆಗಳಾದ ಅನಿಮೆಯ ಗೂಢಾರ್ಥದ ಮಾತೆತ್ತುವವರು ಎದೆ ಗಟ್ಟಿ ಮಾಡಿಕೊಂಡೇ ಎತ್ತಬೇಕು. ತೊಶಿಯೆ ಎಪ್ಪತ್ತೊಂದು ವರ್ಷದ ಹೆಂಗಸು, ಮೂವತ್ತೊಂದು ವರ್ಷ ಮನೆಯಲ್ಲೇ ಕೂತು ಅನಿಮೆಗೆ ಬಣ್ಣ ಬಳಿದವರು. ಪಾರದರ್ಶಕ ಹಾಳೆಯ ಮುಂಭಾಗದಲ್ಲಿ ಇನ್ಯಾರದೋ ಗೆರೆ, ಬೆನ್ನಿನಲ್ಲಿ ಇವರ ಬಣ್ಣ. ಟೀವಿಯಲ್ಲಿ ಕಂತಿನ ಕೊನೆಗೆ ಓಡುವ ಹೆಸರುಗಳಲ್ಲಿ ಬಣ್ಣದ ಕಂಪನಿಯ ಹೆಸರು ಬರುತ್ತಿತ್ತು. ಮನೆಯಲ್ಲಿ ಕೂತು ಬಳಿದವರ ಹೆಸರು ಒಂದು ದಿನವೂ ಬಂದದ್ದಿಲ್ಲ.

ಗೂಢಾರ್ಥದ ಮಾತೆತ್ತುವ ಧೈರ್ಯವಂತರು ಒಬ್ಬರೇ: ಕಬುರಾಗಿ. ಐವತ್ತೊಂಬತ್ತು ವರ್ಷದ ಗಂಡಸು, ನೀರಿನ ಕಚೇರಿಯಲ್ಲಿ ಕೆಲಸ, ಮದುವೆಯಿಲ್ಲ. ಮನೆಯ ನಾಲ್ಕು ಗೋಡೆಗಳಲ್ಲಿ ಮೂರಕ್ಕೆ ಅನಿಮೆಯ ಟೇಪು, ಡಿಸ್ಕುಗಳೇ ಆತುಕೊಂಡಿವೆ. ನಾಲ್ಕನೆಯದರಲ್ಲಿ ಬಾಗಿಲಿರುವುದರಿಂದ ಅದು ಉಳಿದುಕೊಂಡಿದೆ.

"ಆ ಯುದ್ಧದ ಕಥೇಲಿ ಹುಡುಗನಿಗೆ ಅಪ್ಪ ಅಮ್ಮ ಇಲ್ಲ ನೋಡಿ," ಎಂದು ಕಬುರಾಗಿ ಶುರು ಮಾಡುತ್ತಾರೆ. "ಅದು ಒಂದು ಇಡೀ ತಲೆಮಾರಿನ ಅನಾಥಪ್ರಜ್ಞೆ, ನುಕುಯಿ-ಸಾನ್."

"ಮಣ್ಣಾಂಗಟ್ಟಿ," ಎನ್ನುತ್ತಾರೆ ತೊಶಿಯೆ, ದಪ್ಪ ಟೋಸ್ಟಿಗೆ ಬೆಣ್ಣೆ ಸವರುತ್ತಾ. "ಅಪ್ಪ ಅಮ್ಮ ಇದ್ರೆ ಇನ್ನೂ ಇಬ್ಬರಿಗೆ ಬಣ್ಣ ಬಳೀಬೇಕು. ಅದಕ್ಕೇ ಮೊದಲನೇ ಕಂತಲ್ಲೇ ಸಾಯಿಸಿಬಿಡ್ತಾರೆ."

"ಹಾಗಾದ್ರೆ ಶತ್ರು ಸೈನಿಕರು? ಎಲ್ಲರಿಗೂ ಮುಖ ಮುಚ್ಚೋ ಶಿರಸ್ತ್ರಾಣ. ಮನುಷ್ಯತ್ವ ಕಳಕೊಂಡವರು ಅಂತ ಅರ್ಥ ತಾನೆ?"

"ಬಾಯಿ ಕಾಣದಿದ್ರೆ ಬಾಯಿ ಆಡಿಸೋ ಕೆಲಸ ಇಲ್ಲ ಅಂತ ಅರ್ಥ."

"ಕೊನೇಲಿ ಒಂದು ನಿಮಿಷ ಬರೀ ಸೂರ್ಯಾಸ್ತ ತೋರಿಸ್ತಾರಲ್ಲ, ಆ ಶೂನ್ಯ?"

"ಅದು ಶೂನ್ಯ ಅಲ್ಲ ರೀ, ಶುಕ್ರವಾರ. ಶನಿವಾರ ಪ್ರಸಾರ ಆಗ್ಬೇಕು, ಚಿತ್ರ ಮುಗಿದಿಲ್ಲ. ಸೂರ್ಯನಿಗಾದ್ರೆ ಕೈಕಾಲು ಆಡಿಸೋದೇನೂ ಇರಲ್ಲ."

ಓಚಿಯಾಯಿ ಕೌಂಟರಿನ ಹಿಂದೆ ಮುಸಿಮುಸಿ ನಗುತ್ತಾಳೆ. ಕಬುರಾಗಿ ಸೋತವರಂತೆ ಬೇಯಿಸಿದ ಮೊಟ್ಟೆಯನ್ನು ಮೇಜಿಗೆ ಕುಟ್ಟಿ ಸಿಪ್ಪೆ ತೆಗೆಯುತ್ತಾರೆ. ಆದರೂ ಮುಂದಿನ ಶನಿವಾರ ಹಾಜರು.

ಇಷ್ಟೆಲ್ಲ ಮೂಗು ಮುರಿಯುವ ತೊಶಿಯೆ ವಾರಕ್ಕೆ ಎಂಟು ಧಾರಾವಾಹಿಗಳನ್ನು ಒಂದೂ ತಪ್ಪಿಸದೆ ನೋಡುತ್ತಾರೆ ಎನ್ನುವುದು ಬೇರೆ ಮಾತು. ಅವರಿಗೆ ಅವರದೇ ಅಳತೆಗೋಲುಗಳಿವೆ. ಲೋಕ ಉಳಿಸಲು ಹೊರಟ ಹುಡುಗಿಯ ಬಟ್ಟೆ ಒಗೆಯುವವರು ಯಾರು ಎಂದು ತಿಳಿಯದಿದ್ದರೆ ಆ ಧಾರಾವಾಹಿಗೆ ನೂರಕ್ಕೆ ನಲವತ್ತು. ಅನ್ನದ ಮೇಲೆ ಆವಿ ಸರಿಯಾಗಿ ಎದ್ದರೆ ಎಂಬತ್ತು. ಸಾವಿನ ದೃಶ್ಯದಲ್ಲಿ ಅವರು ಅತ್ತದ್ದನ್ನು ಯಾರೂ ಕಂಡಿಲ್ಲ. ಸತ್ತವನ ತಟ್ಟೆಯನ್ನು ಯಾರೋ ಮರೆತು ಮೇಜಿನ ಮೇಲಿಟ್ಟರೆ ಮಾತ್ರ ಮೂಗು ಒರೆಸಿಕೊಳ್ಳುತ್ತಾರೆ.

ಒಂದೇ ಒಂದು ಧಾರಾವಾಹಿಯ ಹೆಸರು ಬಂದಾಗ ಮಾತ್ರ ತೊಶಿಯೆಗೆ ಇದ್ದಕ್ಕಿದ್ದಂತೆ ಮೊಟ್ಟೆಯ ಸಿಪ್ಪೆಯಲ್ಲಿ ವಿಪರೀತ ಆಸಕ್ತಿ ಹುಟ್ಟುತ್ತಿತ್ತು. ಅದರ ಹೆಸರು 'ಉಕ್ಕಿನ ತಿಮಿಂಗಿಲ'. ಮೂವತ್ತೇಳು ವರ್ಷ ಹಿಂದಿನದು. ಹಣ ಹಾಕಿದ್ದ ಕಂಪನಿಯ ಆಟಿಕೆ ತಿಮಿಂಗಿಲಗಳು ಮಾರಾಟವಾಗದೆ ಅರ್ಧಕ್ಕೇ ನಿಂತುಹೋದ ಕಥೆ. ಅದರ ಮೂವತ್ತೆಂಟನೇ ಕಂತಿನಲ್ಲಿ ಶಿಯೋ ಎಂಬ ಹುಡುಗಿ ಯುದ್ಧಕ್ಕೆ ಹೊರಟ ಅಣ್ಣನಿಗೆ ಬಂದರಿನಲ್ಲಿ ನಿಂತು ನಗುನಗುತ್ತಾ ಕೈ ಬೀಸುತ್ತಾಳೆ. ಹಗಲು ಹೊತ್ತು, ಝಗಝಗ ಬಿಸಿಲು. ಅವಳ ಕತ್ತಿನ ಕೆಂಪು ಮಫ್ಲರ್ ಸರಿಯಾಗಿ ಒಂದು ಸೆಕೆಂಡು ನೀಲಿಯಾಗಿ, ಮತ್ತೆ ಕೆಂಪಾಗುತ್ತದೆ.

ಆ ಒಂದು ಸೆಕೆಂಡಿನ ಮೇಲೆ ಅಭಿಮಾನಿಗಳು ಕಟ್ಟಿದ ವಾದಗಳಿಗೆ ಲೆಕ್ಕವಿಲ್ಲ. ಅಣ್ಣ ಆಗಲೇ ಸತ್ತಿದ್ದಾನೆ ಎಂದು ಒಬ್ಬರು, ಇಡೀ ಕಥೆಯೇ ಶಿಯೋಳ ಕನಸು ಎಂದು ಇನ್ನೊಬ್ಬರು. ಕಬುರಾಗಿಯವರ ವಾದ ಎಲ್ಲಕ್ಕಿಂತ ಸರಳ: ಶಿಯೋ ನಗುತ್ತಾ ಸುಳ್ಳು ಹೇಳುತ್ತಿದ್ದಾಳೆ, ಅವಳ ದುಃಖವನ್ನು ನಿರ್ದೇಶಕರು ಮುಖದಲ್ಲಿ ತೋರಿಸದೆ ಮಫ್ಲರಿನಲ್ಲಿ ತೋರಿಸಿದರು. ತೀರಿಕೊಂಡು ಹತ್ತು ವರ್ಷವಾದ ಆ ನಿರ್ದೇಶಕರನ್ನು ಕಬುರಾಗಿ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ ಇಟ್ಟಿದ್ದರು.

ಜುಲೈ ಮೊದಲ ಶನಿವಾರ ಕಬುರಾಗಿ ಒಂದು ದಪ್ಪ ಲಕೋಟೆ ತಂದು ಎರಡೂ ಕೈಯಲ್ಲಿ ತೊಶಿಯೆಗೆ ಕೊಟ್ಟರು. ಒಳಗೆ ಅರವತ್ತನಾಲ್ಕು ಪುಟ. ಮೇಲೆ 'ಒಂದು ಸೆಕೆಂಡಿನ ನೀಲಿ' ಎಂಬ ಶೀರ್ಷಿಕೆ.

"ಆಗಸ್ಟಲ್ಲಿ ಅರಿಯಾಕೆಯ ಅಭಿಮಾನಿಗಳ ಮೇಳದಲ್ಲಿ ಪುಸ್ತಕ ಮಾರೋಕೆ ಒಂದು ಮೇಜು ಸಿಕ್ಕಿದೆ. ಸ್ವಂತಕ್ಕೆ ಅಚ್ಚು ಹಾಕಿಸ್ತಾ ಇದ್ದೀನಿ. ಬರೋ ಸೋಮವಾರ ಅಲ್ಲ, ಅದರ ಮುಂದಿನ ಸೋಮವಾರ ಪ್ರೆಸ್ಸಿಗೆ ಕೊಡಬೇಕು," ಎಂದರು ಕಬುರಾಗಿ. ಕಿವಿ ಕೆಂಪಾಗಿತ್ತು. "ನೀವು ಆ ಕೆಲಸ ಮಾಡಿದವರು. ಬಣ್ಣದ ವಿಷಯದಲ್ಲಿ ತಪ್ಪೇನಾದ್ರೂ ಇದ್ರೆ ದಯವಿಟ್ಟು ಹೇಳಿ."

ತೊಶಿಯೆಗೆ ಕಾಫಿ ನೆತ್ತಿಗೇರಿತು.

ಮನೆಗೆ ಬಂದು ಓದಿದರು. ಮೂವತ್ತೊಂಬತ್ತನೇ ಪುಟದವರೆಗೆ ಅಲ್ಲಲ್ಲಿ ನಕ್ಕರು, ಎರಡು ಕಡೆ ಬೈದರು. ನಲವತ್ತನೇ ಪುಟದಲ್ಲಿ ನಗು ನಿಂತಿತು. ಕಬುರಾಗಿ ತಮ್ಮ ವಿಷಯ ಬರೆದುಕೊಂಡಿದ್ದರು. ಇಪ್ಪತ್ತೆರಡನೇ ವಯಸ್ಸು, ಪರೀಕ್ಷೆಯಲ್ಲಿ ಎರಡನೇ ಸಲ ಫೇಲು. ಊರಿನಲ್ಲಿದ್ದ ಅಮ್ಮನಿಗೆ ಫೋನು ಮಾಡಿ, ಪಾಸಾದೆ ಎಂದು ನಗುನಗುತ್ತಾ ಹೇಳಿದ್ದರು. ಅದೇ ಸಂಜೆ ಟೀವಿಯಲ್ಲಿ ಶಿಯೋ ನಗುತ್ತಾ ಕೈ ಬೀಸಿದಳು, ಮಫ್ಲರ್ ನೀಲಿಯಾಯಿತು. 'ನಗುತ್ತಾ ಸುಳ್ಳು ಹೇಳುವವರ ಸಂಕಟ ಆ ಸ್ಟುಡಿಯೋದಲ್ಲಿ ಯಾರಿಗೋ ಗೊತ್ತಿದೆ, ನಾನೊಬ್ಬನೇ ಅಲ್ಲ ಅನ್ನಿಸಿತು. ಮರುದಿನ ಅಮ್ಮನಿಗೆ ನಿಜ ಹೇಳಿದೆ. ಹೇಳದೇ ಇದ್ದಿದ್ದರೆ ಏನಾಗುತ್ತಿದ್ದೆನೋ ನನಗೆ ಗೊತ್ತಿಲ್ಲ.' ಅದರ ಕೆಳಗೆ ನಿರ್ದೇಶಕರಿಗೆ ಮೂರು ಸಾಲಿನ ಕೃತಜ್ಞತೆ.

ತೊಶಿಯೆ ಹಾಳೆಗಳನ್ನು ಮುಚ್ಚಿಟ್ಟರು. ಯಾಕೆಂದರೆ ನಿಜವಾಗಿ ನಡೆದದ್ದು ಇಷ್ಟು.

ಮಧ್ಯಾಹ್ನ ಮೂರು ಗಂಟೆ. ಎಂಟು ತಿಂಗಳ ಮಗಳು ಮಿಸುಜು ಜ್ವರ ಬಂದು ಬೆನ್ನ ಮೇಲಿನ ಜೋಳಿಗೆಯಲ್ಲಿ ಕೆಂಡದ ಹಾಗೆ ಸುಡುತ್ತಿದ್ದಳು. ಬೆಳಗಿನಿಂದ ರಾತ್ರಿಯ ದೃಶ್ಯಗಳನ್ನು ಬಳಿದು ಮುಗಿಸಿ, ಆಗಷ್ಟೇ ಹಗಲಿನ ದೃಶ್ಯ ಕೈಗೆತ್ತಿಕೊಂಡಿದ್ದರು. ಪಾತ್ರದ ಪ್ರತಿ ಬಟ್ಟೆಗೂ ಹಗಲಿಗೊಂದು ಬಣ್ಣ, ರಾತ್ರಿಗೊಂದು ಬಣ್ಣ. ರಾತ್ರಿಯ ಕೆಂಪು ಕೆಂಪಲ್ಲ, ನೀಲಿಗೆ ತಿರುಗಿದ್ದು. ಆ ಡಬ್ಬಿಯ ಮುಚ್ಚಳ ಇನ್ನೂ ತೆರೆದೇ ಇತ್ತು. ಅಷ್ಟರಲ್ಲಿ ಮಗು ಹೆಗಲ ಮೇಲೆ ವಾಂತಿ ಮಾಡಿಕೊಂಡಿತು. ಒರೆಸಿ ಬಂದು ಕೂತು ಎಂಟು ಹಾಳೆ, ಅಂದರೆ ತೆರೆಯ ಮೇಲೆ ಒಂದು ಸೆಕೆಂಡು, ಮಫ್ಲರ್ ಬಳಿದರು. ಒಣಗಿದ ಮೇಲೆ ತಿರುಗಿಸಿ ನೋಡುತ್ತಾರೆ, ಎಂಟಕ್ಕೆ ಎಂಟೂ ನೀಲಿ. ಹೊರಗೆ ಸ್ಟುಡಿಯೋದ ಕಾರು ಆಗಲೇ ಹಾರ್ನ್ ಹೊಡೆಯುತ್ತಿತ್ತು. ಬಣ್ಣ ಕೆರೆದು ಮತ್ತೆ ಬಳಿಯಲು ಒಂದು ಗಂಟೆ ಬೇಕು. ಆಸ್ಪತ್ರೆ ಮುಚ್ಚಲು ಇದ್ದದ್ದೂ ಒಂದೇ ಗಂಟೆ.

"ಎಲ್ಲ ಸರಿಯಾಗಿದೆ ತಾನೆ?" ಎಂದು ಕಾರಿನವನು ಕೇಳಿದ.

"ಎಲ್ಲ ಸರಿಯಾಗಿದೆ," ಎಂದು ತೊಶಿಯೆ ನಕ್ಕು, ಕಟ್ಟನ್ನು ಅವನ ಕೈಗಿಟ್ಟರು.

ಮೂವತ್ತೇಳು ವರ್ಷ ಈ ಮಾತನ್ನು ತೊಶಿಯೆ ಯಾರಿಗೂ ಹೇಳಿರಲಿಲ್ಲ. ಈಗ ಹೇಳದಿದ್ದರೆ ಆ ಒಳ್ಳೆಯ ಮನುಷ್ಯ ಅರವತ್ತನಾಲ್ಕು ಪುಟ ಸುಳ್ಳು ಅಚ್ಚು ಹಾಕಿಸುತ್ತಾರೆ. ಹೇಳಿದರೆ ಅವರು ಯಾವ ಕಂಬ ಹಿಡಿದುಕೊಂಡು ಇಷ್ಟು ವರ್ಷ ನಿಂತಿದ್ದರೋ ಅದನ್ನೇ ಕಿತ್ತ ಹಾಗೆ. ಇದರ ಜೊತೆಗೆ ಇನ್ನೊಂದು ಸಂಕಟವೂ ಇತ್ತು. ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು. ಆ ಮೂರು ಸಾಲಿನ ಕೃತಜ್ಞತೆ ನೋಡಿ ತೊಶಿಯೆಗೆ ಹೊಟ್ಟೆ ಉರಿದಿತ್ತು. ಮೂವತ್ತೊಂದು ವರ್ಷದ ದುಡಿಮೆಯಲ್ಲಿ ಲೋಕ ಗುರುತಿಸಿದ್ದು ಒಂದೇ ಒಂದು ಸೆಕೆಂಡು, ಅದನ್ನೂ ನಿರ್ದೇಶಕನ ಖಾತೆಗೆ ಹಾಕುತ್ತಾರಲ್ಲ!

ಮಗಳಿಗೆ ಫೋನು ಮಾಡಿ ಎಲ್ಲ ಹೇಳಿದರು.

"ಅಮ್ಮಾ, ನನ್ನ ಜ್ವರ ಅಂತ ನನ್ನ ತಲೆಗೆ ಕಟ್ಟಬೇಡ," ಎಂದಳು ಮಿಸುಜು. ಅವಳಿಗೀಗ ಮೂವತ್ತೆಂಟು.

"ನೀನಲ್ಲದೆ ಇನ್ಯಾರೇ ವಾಂತಿ ಮಾಡಿದ್ದು?"

"ಸರಿ ಮಾರಾಯ್ತಿ, ನಾನೇ. ಈಗ ಏನು ಮಾಡ್ತೀಯ?"

"ಯೋಕಾನ್ ತಗೊಂಡು ಹೋಗ್ತೀನಿ."

ಕ್ಷಮೆ ಕೇಳಲು ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ. ಕಾಳು ಬೇಯಿಸಿ ಮಾಡುವ ಗಟ್ಟಿ ಸಿಹಿತಿಂಡಿ ಯೋಕಾನನ್ನೇ ಒಯ್ಯುವುದು. ಪೆಟ್ಟಿಗೆ ತೂಕವಿದ್ದಷ್ಟೂ ಪಶ್ಚಾತ್ತಾಪ ಹೆಚ್ಚು ಎಂದು ಲೆಕ್ಕ. ತೊಶಿಯೆ ಅಂಗಡಿಯಲ್ಲಿದ್ದ ಅತಿ ಭಾರದ ಪೆಟ್ಟಿಗೆಯನ್ನೇ ಆರಿಸಿದರು. ಮುಂದಿನ ಶನಿವಾರ ಅದನ್ನು ಟೋಸ್ಟಿನ ತಟ್ಟೆಯ ಪಕ್ಕ ಇಟ್ಟು, ಹಣೆ ಮೇಜಿಗೆ ತಾಗುವಷ್ಟು ಬಾಗಿದರು.

"ಕಬುರಾಗಿ-ಸಾನ್, ಆ ನೀಲಿ ನಂದು."

"ಅಂದ್ರೆ?"

"ಬಳಿದವಳು ನಾನು. ಡಬ್ಬಿ ತಪ್ಪಾಯ್ತು. ಹಗಲಿನ ಕೆಂಪಿನ ಬದಲು ರಾತ್ರಿದು ಬಳಿದುಬಿಟ್ಟೆ."

ಕಬುರಾಗಿ ನಕ್ಕರು. "ಒಳ್ಳೆ ತಮಾಷೆ ಮಾಡ್ತೀರಿ. ನಲವತ್ತೊಂದನೇ ಪುಟ ನೋಡಲಿಲ್ವಾ? ಶಿಯೋ ಕಣ್ಣು ಮುಚ್ಚಿ ನಗೋ ಹೊತ್ತಿಗೆ ಸರಿಯಾಗಿ ನೀಲಿ ಬರತ್ತೆ. ಅಷ್ಟು ಸರಿಯಾಗಿ ತಪ್ಪು ಮಾಡೋಕೆ ಯಾರಿಂದಲೂ ಆಗಲ್ಲ."

"ಕಣ್ಣು ಮುಚ್ಚಿದ ಹಾಳೆಗಳದ್ದೇ ಒಂದು ಕಟ್ಟು. ಅದನ್ನ ಬಿಚ್ಚಿದಾಗಲೇ ನನ್ನ ಮಗಳು ವಾಂತಿ ಮಾಡಿದ್ದು."

ಕೌಂಟರಿನ ಹಿಂದೆ ಓಚಿಯಾಯಿ ಲೋಟ ಒರೆಸುವುದನ್ನು ನಿಲ್ಲಿಸಿದಳು. ತೊಶಿಯೆ ಜ್ವರ, ಡಬ್ಬಿ, ಎಂಟು ಹಾಳೆ, ಕಾರಿನವನ ಪ್ರಶ್ನೆ, ತಾವು ನಕ್ಕು ಕೊಟ್ಟ ಉತ್ತರ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಕಬುರಾಗಿಯವರ ಮುಖದಲ್ಲಿ ನಗು ಇನ್ನೂ ಇತ್ತು, ತೆಗೆಯಲು ಮರೆತವರ ಹಾಗೆ.

"ನಿರ್ದೇಶಕರು ನೋಡಿ ಒಪ್ಪಿರಬಹುದಲ್ಲ?"

"ವಾರ ವಾರ ಪ್ರಸಾರ ಇದ್ದ ಕಾಲ. ನೋಡೋಕೆ ಯಾರಿಗೆ ಪುರುಸೊತ್ತಿತ್ತು?"

ಕಬುರಾಗಿ ಹಸ್ತಪ್ರತಿಯನ್ನು ಚೀಲಕ್ಕೆ ಹಾಕಿಕೊಂಡರು. ಕಾಫಿ ಚೆನ್ನಾಗಿತ್ತು ಎಂದು ಓಚಿಯಾಯಿಗೆ ಹೇಳಿದರು, ಒಂದು ಗುಟುಕೂ ಕುಡಿದಿರಲಿಲ್ಲ. ಮೊಟ್ಟೆ ಹಾಗೇ ಉಳಿಯಿತು, ಯೋಕಾನ್ ಪೆಟ್ಟಿಗೆಯೂ ಉಳಿಯಿತು.

ಆಮೇಲೆ ಮೂರು ಶನಿವಾರ ಅವರ ಸುಳಿವಿಲ್ಲ. ಪೆಟ್ಟಿಗೆ ಕೌಂಟರಿನ ಮೇಲೆ ಕೂತಿತ್ತು. ಅನಾಥಪ್ರಜ್ಞೆ, ಶೂನ್ಯ ಎನ್ನುವವರಿಲ್ಲದೆ ತೊಶಿಯೆಗೆ ಟೋಸ್ಟು ರುಚಿಸಲಿಲ್ಲ. ಕಿತ್ತುಹಾಕಲು ಯಾರದಾದರೂ ಒಂದು ವಾದವಾದರೂ ಬೇಡವೇ? ತಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು ಎಂದು ಒಂದು ದಿನ, ಹೇಳಿದ್ದೇ ಸರಿ ಎಂದು ಮರುದಿನ. ಹೀಗೇ ಜುಲೈ ಕಳೆಯಿತು.

"ಅವರ ಮೇಜಿನ ನಂಬರು ನನ್ನ ಹತ್ರ ಇದೆ," ಎಂದಳು ಓಚಿಯಾಯಿ ಮೂರನೇ ಶನಿವಾರ. "ಆ ಪೆಟ್ಟಿಗೆ ತಗೊಂಡು ಹೋಗಿ. ನನಗೆ ಕಪ್ಪು ಇಡೋಕೆ ಜಾಗ ಇಲ್ಲ."

"ಇಷ್ಟು ದಿನ ಆಯ್ತಲ್ಲ, ಹಾಳಾಗಿರಲ್ವಾ?"

"ಯೋಕಾನ್ ಹಾಳಾಗಲ್ಲ. ನೀವು ಹಾಳಾಗ್ತೀರಿ, ಹೋಗಿ ಬನ್ನಿ."

ಆಗಸ್ಟಿನ ಬಿಸಿಲಲ್ಲಿ ತೊಶಿಯೆ ಕತ್ತಿಗೆ ಒದ್ದೆ ಟವೆಲು ಸುತ್ತಿಕೊಂಡು, ಯೋಕಾನ್ ಪೆಟ್ಟಿಗೆ ಹಿಡಿದು ಅರಿಯಾಕೆಯ ಸಾಲಿನಲ್ಲಿ ಎರಡು ಗಂಟೆ ನಿಂತರು. ಸುತ್ತ ಅನಿಮೆ ಪಾತ್ರಗಳ ವೇಷ ತೊಟ್ಟವರೇ: ಮುಂದೆ ಹಸಿರು ಕೂದಲಿನ ರಾಜಕುಮಾರ, ಹಿಂದೆ ರೆಕ್ಕೆಯಿರುವ ನರ್ಸು. ರೆಕ್ಕೆಯ ಬಣ್ಣ ಸಮನಾಗಿ ಬಳಿದಿಲ್ಲವೆಂದು ನರ್ಸಿಗೆ ಹೇಳಿಯೂ ಬಿಟ್ಟರು. ಒಳಗೆ ಸಾವಿರಾರು ಮೇಜುಗಳ ನಡುವೆ ಕಬುರಾಗಿಯವರ ಮೇಜು ಹುಡುಕಿ ಪೆಟ್ಟಿಗೆ ಇಟ್ಟರು. ಮೇಜಿನ ಮೇಲೆ ಐವತ್ತು ಪುಸ್ತಕ, ಅದೇ ಹೆಸರು.

"ಅಚ್ಚು ಹಾಕಿಸೇಬಿಟ್ರಾ?" ಎಂದರು ತೊಶಿಯೆ. ಕ್ಷಮೆಯ ಮಾತು ದಾರಿಯಲ್ಲೇ ಉದುರಿಹೋಗಿತ್ತು.

ಕಬುರಾಗಿ ಎದ್ದು ನಿಂತು ಮಡಚುವ ಕುರ್ಚಿ ಎಳೆದು ಕೊಟ್ಟರು. "ನಿಮ್ಮೆದುರು ಬರೋಕೆ ಧೈರ್ಯ ಇರ್ಲಿಲ್ಲ, ನುಕುಯಿ-ಸಾನ್. ಎರಡು ದಿನ ನಿಮ್ಮ ಮೇಲೆ ಕೋಪ ಇತ್ತು. ಆಮೇಲೆ ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ಹೊಳೀತು. ಕೊನೇ ಪುಟ ಬದಲಾಯಿಸಿದ್ದೀನಿ. ಓದಿ."

ತೊಶಿಯೆ ಕನ್ನಡಕ ಹಾಕಿಕೊಂಡರು.

'ಈ ಪುಸ್ತಕದ ವಾದ ತಪ್ಪು. ಆ ನೀಲಿಗೆ ನಿರ್ದೇಶಕರು ಕಾರಣರಲ್ಲ. ನೇರಿಮಾದ ಮನೆಯೊಂದರಲ್ಲಿ, ಜ್ವರದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕೂತಿದ್ದ ಒಬ್ಬ ತಾಯಿ ಏಳು ಹಾಳೆಗೆ ತಪ್ಪು ಬಣ್ಣ ಬಳಿದರು. ತಪ್ಪೆಂದು ಗೊತ್ತಿದ್ದೂ, ಎಲ್ಲ ಸರಿಯಾಗಿದೆ ಎಂದು ನಕ್ಕು ಕಳಿಸಿಕೊಟ್ಟರು. ನಗುತ್ತಾ ಸುಳ್ಳು ಹೇಳುವವರ ಸಂಕಟ ಅಲ್ಲಿ ಯಾರಿಗೋ ಗೊತ್ತಿದೆ ಎಂದು ಆ ಸಂಜೆ ನನಗೆ ಅನ್ನಿಸಿತಲ್ಲ, ಅದು ಸರಿಯೇ ಆಗಿತ್ತು. ಆ ಯಾರೋ ಯಾರೆಂದು ಮಾತ್ರ ತಪ್ಪಾಗಿ ತಿಳಿದಿದ್ದೆ. ಬಣ್ಣ: ನುಕುಯಿ ತೊಶಿಯೆ.'

ತಮ್ಮ ಹೆಸರು ಅಚ್ಚಿನಲ್ಲಿ ಇದ್ದದ್ದನ್ನು ತೊಶಿಯೆ ಜೀವಮಾನದಲ್ಲಿ ಮೊದಲ ಸಲ ನೋಡಿದ್ದು. ಅತ್ತರು. ಸತ್ತವರ ತಟ್ಟೆ ಯಾವುದೂ ಮೇಜಿನ ಮೇಲಿರಲಿಲ್ಲ, ಆದರೂ ಟವೆಲಿನ ತುದಿ ಮುಖಕ್ಕೆ ಒತ್ತಿಕೊಂಡು ಚೆನ್ನಾಗಿಯೇ ಅತ್ತರು. ಕಬುರಾಗಿ ಏನು ಮಾಡಬೇಕೆಂದು ತೋಚದೆ ಯೋಕಾನ್ ಪೆಟ್ಟಿಗೆ ಬಿಚ್ಚತೊಡಗಿದರು.

ಮೂಗು ಒರೆಸಿಕೊಂಡು ತೊಶಿಯೆ ಪುಟವನ್ನು ಇನ್ನೊಮ್ಮೆ ಓದಿದರು. ಹುಬ್ಬು ಗಂಟಿಕ್ಕಿತು.

"ಏಳಲ್ಲ. ಎಂಟು."

"ಹೌದು, ಅವಸರದಲ್ಲಿ ತಪ್ಪಾಯ್ತು. ಅಚ್ಚಾಗಿ ಬಂದ ಮೇಲೆ ಕಂಡ್ತು," ಎಂದರು ಕಬುರಾಗಿ, ತಲೆ ಕೆರೆದುಕೊಳ್ಳುತ್ತಾ. "ಒಂದು ಹಾಳೆ ತಾನೆ, ಹೋಗ್ಲಿ ಬಿಡಿ. ಯಾರಿಗೆ ಗೊತ್ತಾಗತ್ತೆ?"

ತೊಶಿಯೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಐವತ್ತೂ ಪುಸ್ತಕಗಳನ್ನು ತಮ್ಮ ಮುಂದಕ್ಕೆ ಸರಿಸಿಕೊಂಡರು.

"ಮೂವತ್ತೇಳು ವರ್ಷ ಆದ್ಮೇಲೆ ಗೊತ್ತಾಗತ್ತೆ," ಎಂದರು. "ಪೆನ್ನು ಕೊಡಿ."