ದೇವದುರ್ಗದಲ್ಲಿ ಮೂವತ್ತನೆಯ ಉಪವಾಸ

ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ರಾಯಚೂರು ಬಸ್ಸಿಗೆ ಕಾಯುತ್ತಾ ಕುಳಿತಿದ್ದೇನೆ. ತೊಡೆಯ ಮೇಲೆ ನಮ್ಮ ಶಾಲೆಯ ಮಕ್ಕಳ ಉತ್ತರಪತ್ರಿಕೆಗಳ ಕಟ್ಟು. ಉಳ್ಳಾಲದ ನನ್ನ ಮನೆಯಲ್ಲಿ ಇವತ್ತು ರಂಜಾನ್ ಹಬ್ಬ. ಕರಾವಳಿಯಲ್ಲಿ ನಿನ್ನೆ ಚಂದ್ರ ಕಂಡಿದೆ, ಇಲ್ಲಿ ಕಂಡಿಲ್ಲ. ಹಾಗಾಗಿ ಇಲ್ಲಿ ಇನ್ನೂ ಒಂದು ಉಪವಾಸ. ರಜೆ ಕೇಳಿದರೆ ಹೆಡ್‌ಮಾಸ್ಟರು ಗೋಡೆಯ ಕ್ಯಾಲೆಂಡರಿನತ್ತ ಬೆರಳು ತೋರಿಸಿದರು. "ಹಬ್ಬ ನಾಳಿಗಿ ಅದ ಅಲ್ರೀ ಸರ. ಇವತ್ತ ಈ ಕಟ್ಟು ರಾಯಚೂರಿಗಿ ಮುಟ್ಟಿಸಿ ಬರ್ರಿ." ನಾಳೆಯ ಒಂದೇ ರಜೆಯಲ್ಲಿ ಉಳ್ಳಾಲಕ್ಕೆ ಹೋಗಿ ಬರಲಾಗದು ಎಂದು ಅವರಿಗೂ ಗೊತ್ತು.

ಪಕ್ಕದಲ್ಲಿ ಮಾನ್ವಿ ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರು, ಮಡಿಲಲ್ಲಿ ಶಾವಿಗೆಯ ಗಂಟಿಟ್ಟುಕೊಂಡು, ನನ್ನ ಕಥೆಯನ್ನೆಲ್ಲ ಕೇಳಿದರು. "ನಿಮ್ಮೂರಾಗ ಚಂದ್ರ ಬ್ಯಾರೆ ಅದ ಏನಪಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅಷ್ಟರಲ್ಲಿ ಮಗಳ ವಿಡಿಯೋ ಕಾಲ್ ಬಂತು. ಹೊಸ ಅಂಗಿ, ಕೈತುಂಬ ಮೆಹಂದಿ, ಬೆನ್ನ ಹಿಂದೆ ನೆಂಟರ ಗದ್ದಲ.

"ಉಪ್ಪಾ, ಬಿರಿಯಾನಿ ತಿಂದ್ರಾ?"

"ಇಲ್ಲಿ ಹಬ್ಬ ನಾಳೆ ಮಗಾ. ಇವತ್ತು ಉಪವಾಸ."

ಅವಳು ಸ್ವಲ್ಪ ಯೋಚಿಸಿ ಕೇಳಿದಳು: "ನಾಳೆ ನಿಮ್ಮ ಹಬ್ಬಕ್ಕೆ ಯಾರೆಲ್ಲ ಬರ್ತಾರೆ?"

ನಾನು ತೊಡೆಯ ಮೇಲಿನ ಕಟ್ಟನ್ನು ಸರಿಪಡಿಸಿಕೊಂಡೆ. ಅಜ್ಜಿಯೇ ಫೋನಿನತ್ತ ಬಾಗಿದರು: "ನಿಮ್ಮಪ್ಪ ನಮ್ಮ ಮನಿಗಿ ಬರ್ತಾನವ್ವಾ, ಹಾಲು-ಶಾವಿಗಿ ಸುರಕುಂಬಾ ಕುಡಿಯಾಕ." ಮಗಳಿಗೆ ಸಮಾಧಾನವಾಯಿತು. ಕೈ ಬೀಸಿ ಫೋನಿಟ್ಟಳು.

ಮಾನ್ವಿ ಬಸ್ಸು ಬಂತು. ಅಜ್ಜಿ ಗಂಟನ್ನೆತ್ತಿಕೊಂಡು ಹತ್ತಿ ಹೊರಟುಹೋದರು. ಮನೆ ಯಾವ ಓಣಿಯಲ್ಲಿ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.